ಮಗನಿಗೆ ಮೊದಲ ಕಾರು: ಮನ್ಯಾಗಿನ ಹಳೇ ಆಲ್ಟೊ ಕೊಡೋದಾ, ಬೇರೆ ತಗೊಳ್ಳೋದಾ?

ರಿಂಗ್_ರೋಡ್_ಮನಿ:
ಎಲ್ಲಾರಿಗೂ ನಮಸ್ಕಾರ್ರಿ. ಮಗನಿಗೆ ಈಗ 17 ವರ್ಷ 8 ತಿಂಗಳು, ಇಂಜಿನಿಯರಿಂಗ್ ಸೇರ್ತಾನ. ಮನಿ ಕಲಬುರಗಿಯ ಹುಮನಾಬಾದ್ ರಿಂಗ್ ರೋಡ್ ಕಡೆ, ಕಾಲೇಜು ಸೇಡಂ ರೋಡ್ ಕಡೆ. ತಿಂಗಳಿಗೆ ಒಂದೆರಡು ಸಲ ಆಳಂದಕ್ಕ ಅಜ್ಜಿ ಮನಿಗೆ ಹೋಗೋದಿರ್ತದ. ಮನ್ಯಾಗ 2013ರ ಆಲ್ಟೊ 800 ಅದ, ಏರ್‌ಬ್ಯಾಗ್ ಇಲ್ಲ. ನನ್ನ ವಿಚಾರ ಏನಂದ್ರ, ಮೊದಲ ಎರಡು ವರ್ಷ ಅವನಿಗೆ ಆಲ್ಟೊನೇ ಇರ್ಲಿ, ಹ್ಯಾಂಗೂ ಗೀಚಿಸ್ಕೊಂಡು ಬರ್ತಾನ. ನನಗ 6 ಲಕ್ಷದೊಳಗ ಸೆಕೆಂಡ್ ಹ್ಯಾಂಡ್ ಎಸ್‌ಯುವಿ ನೋಡೋದು. ಸರಿ ಅದನಾ?

ಸ್ಪ್ಯಾನರ್_10:
ಉಲ್ಟಾ ಮಾಡ್ರಿ ಅಣ್ಣಾರ. ಹೊಸದು ಅವನಿಗೆ, ಆಲ್ಟೊ ನಿಮಗ.

ಮನ್ಯಾಗ ಎಲ್ಲಾರಿಗಿಂತ ಹೆಚ್ಚು ತಪ್ಪು ಮಾಡೋ ಡ್ರೈವರ್‌ಗೆ ಎಲ್ಲಾಕ್ಕಿಂತ ತೆಳು ಗಾಡಿ ಕೊಡೋದು ನಮ್ಮ ಕಡೆ ಪದ್ಧತಿನೇ ಆಗ್ಯದ. ಬಂಪರ್ ಗೀಚಿದ್ರ ಪೇಂಟಿಂಗ್ ಖರ್ಚು ಉಳೀತದ ಅನ್ನೋ ಲೆಕ್ಕ ಅದು. ಏರ್‌ಬ್ಯಾಗ್ ಇಲ್ಲದ ಆಲ್ಟೊ 800ಕ್ಕ 2014ರಾಗ ಗ್ಲೋಬಲ್ ಎನ್‌ಕ್ಯಾಪ್ (ಕಾರು ಡಿಕ್ಕಿ ಹೊಡಿಸಿ ಸುರಕ್ಷತೆ ಅಳೆಯೋ ಸಂಸ್ಥೆ) ಪರೀಕ್ಷೆಯಲ್ಲಿ ದೊಡ್ಡವರ ಸುರಕ್ಷತೆಗೆ ಸಿಕ್ಕಿದ್ದು ಸೊನ್ನೆ ಸ್ಟಾರ್. ಆ ಪರೀಕ್ಷೆ ನಡೆಯೋದು ಗಂಟೆಗೆ 64 ಕಿ.ಮೀ. ವೇಗದಾಗ. ಸೇಡಂ ರೋಡ್ ಮ್ಯಾಲೆ ಸಿಮೆಂಟ್ ಲಾರಿ ಹಿಂದ ಹೊಂಟಾಗ ನಿಮ್ಮ ಸ್ಪೀಡೂ ಅಷ್ಟೇ ಇರ್ತದ.

ಸೆಕೆಂಡ್ ಹ್ಯಾಂಡ್ ನೋಡೋರು ಶೋರೂಂ ಹುಡುಗನ ಮಾತಿಗಿಂತ ಆರ್‌ಸಿ ಮ್ಯಾಲಿನ ತಯಾರಿ ತಿಂಗಳು ನೋಡ್ರಿ. ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದ್ರೂ ಚಕ್ರ ಲಾಕ್ ಆಗದಂಗ ತಡೆಯೋದು) ಎಲ್ಲಾ ಹೊಸ ಕಾರಿಗೆ ಕಡ್ಡಾಯ ಆಗಿದ್ದು 2019ರ ಏಪ್ರಿಲ್‌ನಿಂದ. ಡ್ರೈವರ್ ಏರ್‌ಬ್ಯಾಗ್, ಬೆಲ್ಟ್ ಬೀಪ್, ರಿವರ್ಸ್ ಸೆನ್ಸರ್, 80 ದಾಟಿದ್ರ ಕೂಗೋ ಸ್ಪೀಡ್ ಅಲರ್ಟ್ 2019ರ ಜುಲೈನಿಂದ. ಬಾಜೂ ಸೀಟಿನ ಏರ್‌ಬ್ಯಾಗ್ ಎಲ್ಲಾ ಮಾಡೆಲ್‌ಗೂ ಬಂದಿದ್ದು 2021ರ ಕೊನೆಗೆ. ಅಂದ್ರ 2022ರ ಜನವರಿ ಆದಮ್ಯಾಲೆ ತಯಾರಾಗಿದ್ರ ಎಂಥ ಬೇಸ್ ಮಾಡೆಲ್ ಆದ್ರೂ ಎರಡು ಏರ್‌ಬ್ಯಾಗ್ ಇದ್ದೇ ಇರ್ತಾವ. ನೋಂದಣಿ ದಿನಾಂಕ ನೋಡಿ ಮೋಸ ಹೋಗಬ್ಯಾಡ್ರಿ. 2021ರ ಸ್ಟಾಕ್ ಗಾಡಿ 2022ರಾಗ ನೋಂದಣಿ ಆಗಿದ್ದು ಭಾಳ ಅದಾವ.

ಬೀದರ್_ಕೋಟೆ_ಬಾಗಿಲು:
ಕಾರಿನ ಮಾತಿಗೆ ಮುಂಚೆ ಒಂದು ವಿಷಯ. ಹುಡುಗನಿಗೆ ಇನ್ನೂ 18 ತುಂಬಿಲ್ಲ. ಕಾರಿನ ಎಲ್‌ಎಲ್ (ಕಲಿಕಾ ಲೈಸೆನ್ಸ್) ಸಿಗುವುದೇ 18ಕ್ಕೆ. 16ಕ್ಕೆ ಸಿಗುವುದು 50 ಸಿಸಿ ಒಳಗಿನ, ಗೇರ್ ಇಲ್ಲದ ದ್ವಿಚಕ್ರಕ್ಕೆ ಮಾತ್ರ. ಮೋಟಾರು ವಾಹನ ಕಾಯ್ದೆಯ 199ಎ ಕಲಂ 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿದೆ. ಅಪ್ರಾಪ್ತ ವಯಸ್ಸಿನವರು ಗಾಡಿ ಓಡಿಸಿ ಅಪರಾಧವಾದರೆ ಪೋಷಕರಿಗೆ ಅಥವಾ ಮಾಲೀಕರಿಗೆ 3 ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು, ಹುಡುಗನಿಗೆ 25 ವರ್ಷ ಆಗುವವರೆಗೆ ಲೈಸೆನ್ಸ್ ಇಲ್ಲ. "ಮನಿ ಮುಂದಿನ ಓಣ್ಯಾಗಷ್ಟೇ" ಎಂದರೂ ಅದು ರಸ್ತೆಯೇ.

18 ತುಂಬಿದ ದಿನ ಸಾರಥಿ ಪೋರ್ಟಲ್‌ನಲ್ಲಿ ಎಲ್‌ಎಲ್‌ಗೆ ಅರ್ಜಿ ಹಾಕಿ. ಎಲ್‌ಎಲ್ ಸಿಕ್ಕು 30 ದಿನ ಕಳೆದ ಮೇಲೆ ಡಿಎಲ್ ಟೆಸ್ಟ್. ಎಲ್‌ಎಲ್ ನಡೆಯುವುದು 6 ತಿಂಗಳು. ಆ ಅವಧಿಯಲ್ಲಿ ಬಿಳಿ ಹಲಗೆ ಮೇಲೆ ಕೆಂಪು "ಎಲ್" ಹಿಂದೆ ಮುಂದೆ ಎರಡೂ ಕಡೆ ಇರಬೇಕು, ಪಕ್ಕದಲ್ಲಿ ಲೈಸೆನ್ಸ್ ಇದ್ದವರು ಕೂತಿರಬೇಕು. ಒಂದು ತಿಂಗಳಾಯಿತೆಂದು ಟೆಸ್ಟಿಗೆ ಓಡಬೇಡಿ. ನಾಲ್ಕೈದು ತಿಂಗಳು ಪಕ್ಕದಲ್ಲಿ ಕೂತು ಓಡಿಸಿ, ಆಮೇಲೆ ಟೆಸ್ಟ್ ಕೊಡಿಸಿ.

ತೊಗರಿ_ಕಣಜ:
ನಾ ಒಪ್ಪಂಗಿಲ್ರಿ. ಹೊಸ ಗಾಡಿ ಕೈಗೆ ಕೊಟ್ರ ಹುಡುಗರಿಗೆ ಸೊಕ್ಕು ಬರ್ತದ. ಹಳೇದ್ರಾಗ ಕ್ಲಚ್ ಕಲೀಲಿ, ಕಟ್ಟೆಗೆ ತಾಗಿಸ್ಲಿ, ಆಮ್ಯಾಲೆ ನೋಡಿದ್ರಾಯ್ತು.

ಸ್ಪ್ಯಾನರ್_10:
ಕ್ಲಚ್ ಕಲಿಲಾಕ ಆಲ್ಟೊ ಭೇಷ್ ಅದ, ಅದಕ್ಕ ತಕರಾರಿಲ್ಲ. 18 ಆಗಿ ಎಲ್‌ಎಲ್ ಬಂದಮ್ಯಾಲೆ ಮೊದಲ 15 ದಿನ ಊರ ಹೊರಗಿನ ಖಾಲಿ ಲೇಔಟ್‌ನಾಗ, 20-30ರ ಸ್ಪೀಡಿನಾಗ ಅದನ್ನೇ ಓಡಿಸ್ಲಿ. ರಿವರ್ಸ್, ಯು ಟರ್ನ್, ಎರಡು ಇಟ್ಟಂಗಿ ನಡುವ ಪಾರ್ಕಿಂಗ್, ಎಲ್ಲಾ ಅದ್ರಾಗೇ ಆಗ್ಲಿ. ರಿಂಗ್ ರೋಡಿಗೆ ಬರೋ ದಿನ ಗಾಡಿ ಬದಲಾಗಬೇಕು, ಅಷ್ಟೇ ನನ್ನ ಮಾತು.

ಎರಡ್_ಏರ್‌ಬ್ಯಾಗ್:
ಸ್ಟಾರ್ ವಿಷಯದಲ್ಲಿ ಗೊಂದಲ ಬಹಳ ಇದೆ, ಸ್ವಲ್ಪ ಬಿಡಿಸುತ್ತೇನೆ.

ಏರ್‌ಬ್ಯಾಗ್ ಎಷ್ಟಿವೆ ಅನ್ನುವುದು ಒಂದು ಪ್ರಶ್ನೆ, ಡಬ್ಬಿ ಎಷ್ಟು ಗಟ್ಟಿ ಅನ್ನುವುದು ಇನ್ನೊಂದು. ಪರೀಕ್ಷೆಯ ವರದಿಯಲ್ಲಿ ಬಾಡಿ ಶೆಲ್ ಸ್ಥಿರ ಅಥವಾ ಅಸ್ಥಿರ ಎಂದು ಬೇರೆಯಾಗಿಯೇ ಬರೆದಿರುತ್ತಾರೆ. ಅಸ್ಥಿರ ಎಂದರೆ ಡಿಕ್ಕಿಯಾದಾಗ ಪೆಡಲ್, ಸ್ಟೀರಿಂಗ್, ಬಾಗಿಲ ಕಂಬ ಎಲ್ಲ ಒಳಗೆ ನುಗ್ಗುತ್ತವೆ. ಕೂತವರಿಗೆ ಜಾಗವೇ ಉಳಿಯದಿದ್ದರೆ ಬಲೂನು ಯಾರನ್ನು ಕಾಯಬೇಕು?

2022ರ ಜುಲೈನಲ್ಲಿ ಗ್ಲೋಬಲ್ ಎನ್‌ಕ್ಯಾಪ್ ನಿಯಮ ಬಿಗಿ ಮಾಡಿತು. ಪಕ್ಕದ ಡಿಕ್ಕಿ, ಪಾದಚಾರಿಗಳ ರಕ್ಷಣೆ, ಇಎಸ್‌ಸಿ (ಗಾಡಿ ಜಾರದಂತೆ ಹಿಡಿತದಲ್ಲಿಡುವ ವ್ಯವಸ್ಥೆ) ಎಲ್ಲ ಲೆಕ್ಕಕ್ಕೆ ಬಂದವು. ಹಾಗಾಗಿ 2020ರ 4 ಸ್ಟಾರನ್ನು 2024ರ 4 ಸ್ಟಾರಿನ ಪಕ್ಕ ಇಟ್ಟು ತೂಗಬಾರದು. ನಮ್ಮದೇ ಭಾರತ್ ಎನ್‌ಕ್ಯಾಪ್ ಶುರುವಾದದ್ದು 2023ರ ಅಕ್ಟೋಬರ್‌ನಲ್ಲಿ.

ಹಳೇ ನಿಯಮದಲ್ಲಿ ಅಂಕ ಪಡೆದು ಈಗ ಸೆಕೆಂಡ್ ಹ್ಯಾಂಡ್‌ನಲ್ಲಿ ಓಡಾಡುವವು: ಟಾಟಾ ನೆಕ್ಸಾನ್ 5 ಸ್ಟಾರ್ (2018), ಆಲ್ಟ್ರೋಜ್ 5 ಮತ್ತು ಮಹೀಂದ್ರಾ ಎಕ್ಸ್‌ಯುವಿ300 5 (ಎರಡೂ 2020), ಪಂಚ್ 5 (2021), ಟಿಯಾಗೊ 4 (2020), ಹೋಂಡಾ ಜಾಝ್ 4 (2022), ಹುಂಡೈ ಐ20 3 (2022). ಗ್ರಾಂಡ್ ಐ10 ನಿಯೋಸ್ 2020ರಲ್ಲಿ 2. ಮಾರುತಿ ಸ್ವಿಫ್ಟ್ 2022ರ ಹೊಸ ನಿಯಮದಲ್ಲಿ 1, ವ್ಯಾಗನ್ ಆರ್ 2023ರಲ್ಲಿ 1. ಮಾರುತಿ ಎಂದರೆ ತೆಳು ಎಂದು ಎಲ್ಲಕ್ಕೂ ಹಣೆಪಟ್ಟಿ ಹಚ್ಚಬೇಡಿ, 2024ರ ಹೊಸ ಡಿಜೈರ್‌ಗೆ 5 ಬಂದಿದೆ. ಆ ಹೆಸರಿನ ಹಳೇ ಡಿಜೈರ್‌ಗೂ ಅದಕ್ಕೂ ಮಾತ್ರ ಸಂಬಂಧವಿಲ್ಲ, ಮಾರುವವರು ಸೇರಿಸಿ ಹೇಳುತ್ತಾರೆ.

ಇಎಸ್‌ಸಿ ಇರುವ ವೇರಿಯಂಟ್ ಸಿಕ್ಕರೆ ಸನ್‌ರೂಫ್ ಬಿಟ್ಟಾದರೂ ಅದನ್ನೇ ತೆಗೆದುಕೊಳ್ಳಿ. ಎಮ್ಮೆ ಅಡ್ಡ ಬಂತೆಂದು ಹುಡುಗ ಸ್ಟೀರಿಂಗ್ ಥಟ್ಟನೆ ಎಳೆದು ಮತ್ತೆ ವಾಪಸ್ ತಿರುಗಿಸಿದಾಗ ಹಿಂಬದಿ ಜಾರುತ್ತದಲ್ಲ, ಆಗ ಒಂದೊಂದೇ ಚಕ್ರಕ್ಕೆ ಬ್ರೇಕ್ ಹಾಕಿ ಗಾಡಿಯನ್ನು ದಾರಿಗೆ ತರುವುದು ಇದೇ. ಎಬಿಎಸ್ ಈ ಕೆಲಸ ಮಾಡುವುದಿಲ್ಲ.

ಇಂಜಿನ್ 1.0ರಿಂದ 1.2 ಲೀಟರ್, ಟರ್ಬೊ ಇಲ್ಲದ ಪೆಟ್ರೋಲ್, 65ರಿಂದ 90 ಹಾರ್ಸ್‌ಪವರ್ ಸಾಕು. ಡೀಸೆಲ್ ಬೇಡವೇ ಬೇಡ. ಬಿಎಸ್6 ಡೀಸೆಲ್‌ನ ಡಿಪಿಎಫ್ (ಹೊಗೆಯ ಮಸಿ ಹಿಡಿಯುವ ಫಿಲ್ಟರ್) ತಾನೇ ಸುಟ್ಟು ಸ್ವಚ್ಛವಾಗಲು ಹೆದ್ದಾರಿಯ ಓಟ ಬೇಕು. ದಿನಾ ಕಾಲೇಜಿಗೆ ಹೋಗಿಬರುವ ಓಟಕ್ಕೆ ಅದು ಮಸಿ ಕಟ್ಟಿಕೊಂಡು ಕೂರುತ್ತದೆ.

ರಿಂಗ್_ರೋಡ್_ಮನಿ:
ಮಗಂದು ಒಂದೇ ಹಟ, ಥಾರ್ ಬೇಕಂತ. ಬಜೆಟ್‌ನಾಗ ಇಲ್ಲ, ಆದ್ರ ಹಳೇ ಬೊಲೆರೊ, ಸ್ಕಾರ್ಪಿಯೊ ಸಿಗ್ತಾವಲ್ಲ. ಭಾರೀ ಗಾಡಿ ಸೇಫ್ ಅಲ್ಲೇನ್ರಿ?

ಎರಡ್_ಏರ್‌ಬ್ಯಾಗ್:
ತೂಕದಿಂದ ಅನುಕೂಲ ಇದೆ, ಸುಳ್ಳಲ್ಲ. ಆದರೆ ಎತ್ತರದ ಗಾಡಿಯ ಭಾರವೂ ಎತ್ತರದಲ್ಲೇ ಇರುತ್ತದೆ, ಅವಸರದ ತಿರುವಿನಲ್ಲಿ ಮಗುಚುವ ಗುಣ ಜಾಸ್ತಿ. ಹತ್ತು ವರ್ಷದ ಹಿಂದಿನ ಬಹಳಷ್ಟರಲ್ಲಿ ಏರ್‌ಬ್ಯಾಗೂ ಇರಲ್ಲ, ಇಎಸ್‌ಸಿಯೂ ಇರಲ್ಲ. ಇನ್ನೊಂದು, ಏಳು ಸೀಟು ಇದ್ದರೆ ಒಂಬತ್ತು ಗೆಳೆಯರು ಹತ್ತುತ್ತಾರೆ. ಹ್ಯಾಚ್‌ಬ್ಯಾಕ್ ಇರುವುದರ ದೊಡ್ಡ ಲಾಭವೇ ಅದು, ಜಾಗ ಇಲ್ಲ ಎನ್ನಬಹುದು.

ಸ್ಪ್ಯಾನರ್_10:
ಈಗ ಗಾಡಿ ನೋಡೋದು ಹ್ಯಾಂಗ ಅಂತ ಹೇಳ್ತೀನಿ. ಮುಂಜಾನೆ ಹೋಗ್ರಿ, ಇಂಜಿನ್ ತಣ್ಣಗಿರಬೇಕು. ಬಾನೆಟ್ ಮುಟ್ಟಿ ನೋಡ್ರಿ, ಬಿಸಿ ಇದ್ರ ಮಾರೋನು ಮೊದಲೇ ಸ್ಟಾರ್ಟ್ ಮಾಡಿಟ್ಟಾನ ಅಂತ ತಿಳ್ಕೊರಿ.

ಬಾನೆಟ್ ಎತ್ತಿ ಫೆಂಡರ್ ಹಿಡಿದ 10 ಎಂಎಂ ಬೋಲ್ಟು, ಬಾನೆಟ್ ಹಿಂಜಿನ ಬೋಲ್ಟು ನೋಡ್ರಿ. ಕಂಪನಿ ಬೋಲ್ಟಿನ ತಲಿಮ್ಯಾಲೆ ಪೇಂಟ್ ಅಖಂಡ ಇರ್ತದ. ಮೂಲಿ ಮುಕ್ಕಾಗಿದ್ರ, ಪೇಂಟ್ ಬಿರುಕು ಬಿಟ್ಟಿದ್ರ ಸ್ಪ್ಯಾನರ್ ಬಿದ್ದದ. ಬರೇ ಫೆಂಡರ್ ಬಿಚ್ಚಿದ್ರ ಹೆದರಬ್ಯಾಡ್ರಿ, ಊರ ಗಾಡಿಗೆ ಅದು ಆಗೋದೇ. ಒಳಗ ಏಪ್ರನ್ (ಚಕ್ರದ ಮ್ಯಾಲಿನ ಒಳಗಿನ ತಗಡು), ಮುಂದಿನ ಚಾಸಿ ತುದಿ ನೋಡ್ರಿ. ಫ್ಯಾಕ್ಟರಿ ಸ್ಪಾಟ್ ವೆಲ್ಡ್ ಸಣ್ಣ ಗುಂಡನ ಚುಕ್ಕಿ, ಒಂದೇ ಅಳತಿ ಅಂತರ. ಅಲ್ಲಿ ಗ್ಯಾಸ್ ವೆಲ್ಡಿಂಗ್‌ನ ಗಡ್ಡಿ, ದಪ್ಪ ಸೀಲಂಟ್, ಹೊಸಾ ಕಪ್ಪು ಅಂಡರ್‌ಕೋಟ್ ಕಂಡ್ರ ಚಾ ಕುಡಿದು ವಾಪಸ್ ಬರ್ರಿ. ಬಾಗಿಲ ರಬ್ಬರ್ ಜಗ್ಗಿ ಕಂಬದ ಅಂಚು ನೋಡ್ರಿ, ಹಿಂದಿನ ಡಿಕ್ಕಿ (ಸಾಮಾನು ಇಡೋ ಜಾಗ) ಒಳಗ ಸ್ಟೆಪ್ನಿ ತೆಗೆದು ತಳ ನೋಡ್ರಿ.

ಏರ್‌ಬ್ಯಾಗ್ ಪರೀಕ್ಷೆ ಎಲ್ಲಾಕ್ಕಿಂತ ಮುಖ್ಯ. ಚಾವಿ ಆನ್ ಮಾಡ್ರಿ, ಇಂಜಿನ್ ಸ್ಟಾರ್ಟ್ ಬ್ಯಾಡ. ಕೂತ ಮನುಷ್ಯ, ಮುಂದ ಗುಂಡನ ಬಲೂನು, ಅಂಥ ಚಿತ್ರದ ಕೆಂಪು ದೀಪ ಹತ್ತಿ ಕೆಲವು ಸೆಕೆಂಡಿನಾಗ ಆರಬೇಕು. ಆರದೇ ಉಳಿದ್ರ ದೋಷ ಅದ. ಹತ್ತಲೇ ಇಲ್ಲಂದ್ರ ಅದಕ್ಕಿಂತ ಕೆಟ್ಟದ್ದು: ಎಂದೋ ಏರ್‌ಬ್ಯಾಗ್ ಒಡದದ, ಹೊಸದು ಹಾಕಿಲ್ಲ, ದೀಪ ಕಿತ್ತಾರ. ಜಾಣರು ಆ ದೀಪದ ವೈರನ್ನ ಆಯಿಲ್ ದೀಪಕ್ಕ ಜೋಡಿಸಿಡ್ತಾರ. ಎರಡೂ ಒಂದೇ ಕ್ಷಣಕ್ಕ ಹತ್ತಿ ಒಂದೇ ಕ್ಷಣಕ್ಕ ಆರ್ತಾವೋ ನೋಡ್ರಿ. ಇನ್ನೂ ಜಾಣರು ಏರ್‌ಬ್ಯಾಗ್ ಜಾಗದಾಗ ರೆಸಿಸ್ಟರ್ ಹಾಕಿ ಕಂಪ್ಯೂಟರನ್ನೇ ಏಮಾರಿಸ್ತಾರ. ಅದಕ್ಕ ಸ್ಟೀರಿಂಗ್ ನಡುವಿನ ಮುಚ್ಚಳದ ಬಣ್ಣ, ಮುಟ್ಟಿದ್ರ ಸಿಗೋ ಒರಟುತನ ಸುತ್ತಲಿನ ಪ್ಲಾಸ್ಟಿಕ್‌ಗೆ ಹೊಂದ್ತದೋ ನೋಡ್ರಿ, ಎಡಗಡೆ ಡ್ಯಾಶ್‌ಬೋರ್ಡ್ ಮ್ಯಾಲೆ ಅಂಟಿಸಿದ ಗೆರಿ ಅದನಾ ಬೆರಳು ಆಡಿಸಿ ನೋಡ್ರಿ. ಖಾತ್ರಿ ಬೇಕಂದ್ರ ಆ ಕಂಪನಿ ವರ್ಕ್‌ಶಾಪ್‌ನಾಗ ಅವರ ಸ್ಕ್ಯಾನರ್ ಹಚ್ಚಿಸ್ರಿ. ಆನ್‌ಲೈನ್‌ನಾಗ ಸಿಗೋ ಅಗ್ಗದ ಓಬಿಡಿ ಡಬ್ಬಿ ಇಂಜಿನ್ ಕೋಡ್ ಓದ್ತದ, ಏರ್‌ಬ್ಯಾಗ್ ಕೋಡ್ ಬಹಳ ಸಲ ಓದಂಗಿಲ್ಲ.

ಬೆಲ್ಟ್ ಪೂರ್ತಿ ಜಗ್ಗಿ ಕೊನೀತನಕ ನೋಡ್ರಿ. ಬುಡದಾಗ ತಯಾರಿ ಚೀಟಿ ಇರ್ತದ. ಕಾರು 2020, ಬೆಲ್ಟ್ 2023 ಅಂದ್ರ ನಡುವ ಏನೋ ಆಗ್ಯದ. ದೊಡ್ಡ ಡಿಕ್ಕಿ ತಡೆದ ಬೆಲ್ಟಿನ ಪಟ್ಟಿ ಭುಜದ ಕೊಂಡಿ ಹತ್ರ ಸುಟ್ಟು ಮಿಂಚಿದಂಗ ಇರ್ತದ. ಮಣ್ಣಿನ ಗೆರಿ ಕಂಡ್ರ ನೀರಾಗ ನಿಂತ ಗಾಡಿ.

ಟೈರ್ ಬಾಜೂಕ ನಾಲ್ಕು ಅಂಕಿ: 2319 ಅಂದ್ರ 2019ರ 23ನೇ ವಾರ. ಐದಾರು ವರ್ಷ ದಾಟಿದ್ರ ಟೈರಿನ ಗೆರಿ (ಟ್ರೆಡ್) ಎಷ್ಟೇ ಆಳ ಇರ್ಲಿ ತಗದು ಹಾಕ್ರಿ, ನಮ್ಮ ಬಿಸಿಲಿಗೆ ರಬ್ಬರ್ ಒಳಗಿಂದ ಒಣಗ್ತದ. ಆ ಗೆರಿ ಆಳದ ಕಾನೂನು ಮಿತಿ 1.6 ಎಂಎಂ, ಮಳಿಗಾಲಕ್ಕ 3 ಎಂಎಂ ಉಳಿದಿರಬೇಕು. 6 ಲಕ್ಷ ಅದ ಅಂತ 6 ಲಕ್ಷದ ಗಾಡಿ ನೋಡಬ್ಯಾಡ್ರಿ. ಟೈರ್, ಬ್ಯಾಟರಿ, ಬ್ರೇಕ್ ಪ್ಯಾಡ್, ವರ್ಗಾವಣಿ, ಇನ್ಶೂರೆನ್ಸ್‌ಗೆ 50-60 ಸಾವಿರ ಎತ್ತಿಡ್ರಿ.

ಶಹಾಬಾದ್_ಪರಶಿ:
ಸ್ಪ್ಯಾನರ್ ಅಣ್ಣಾರ ಬೆಳಿಗ್ಗೆ ನೋಡಂದ್ರು, ನಾ ಅಂತೀನಿ ಮಧ್ಯಾಹ್ನ ಎರಡಕ್ಕ ಇನ್ನೊಮ್ಮೆ ನೋಡ್ರಿ. ಎಸಿ ಫುಲ್ ಹಾಕಿ ಗಾಡಿ ನಿಂತಲ್ಲೇ 20 ನಿಮಿಷ ಬಿಡ್ರಿ. ಟೆಂಪರೇಚರ್ ಮುಳ್ಳು ನಡುವಿಗಿಂತ ಮ್ಯಾಲೆ ಏರಬಾರದು, ಫ್ಯಾನ್ ಹತ್ತಿ ಆರಬೇಕು. ಇಲ್ಲಿ ಸುಮಾರು ಗಾಡಿಗೆ ಕೂಲಂಟ್ ಬದಲಿ ಬೋರಿನ ಗಡಸು ನೀರು ಹೊಯ್ದಿರ್ತಾರ. ಇಂಜಿನ್ ಪೂರ್ತಿ ತಣ್ಣಗಿದ್ದಾಗ ಡಬ್ಬಿ ಮುಚ್ಚಳ ತೆಗೆದ್ರ ಹಸಿರೋ ಗುಲಾಬಿಯೋ ನೀರು ಇರಬೇಕು. ತುಕ್ಕಿನ ಬಣ್ಣ, ಬಿಳಿ ಸುಣ್ಣದ ಪೊರೆ ಇದ್ರ ರೇಡಿಯೇಟರ್ ಕಟ್ಟಿಕೊಂಡಿರ್ತದ. ಆಯಿಲ್ ಮುಚ್ಚಳದ ಒಳಗ ಮಜ್ಜಿಗಿಯಂಥ ಬಿಳಿ ಜಿಡ್ಡು ಕಂಡ್ರ ಹೆಡ್ ಗ್ಯಾಸ್ಕೆಟ್ ಶಂಕೆ, ಮುಂದಿನ ಮಾತೇ ಬ್ಯಾಡ.

ತೊಗರಿ_ಕಣಜ:
ಹೈದರಾಬಾದ್‌ನಾಗ ಅಗ್ಗ ಸಿಗ್ತಾವಲ್ರಿ, ಅಲ್ಲಿಂದ ತರಬಾರದಾ?

ಬೀದರ್_ಕೋಟೆ_ಬಾಗಿಲು:
ಅಗ್ಗ ಕಾಣುತ್ತದೆ, ಲೆಕ್ಕ ಮುಗಿದಾಗ ಅಗ್ಗ ಉಳಿಯುವುದಿಲ್ಲ. ಅಲ್ಲಿನ ಆರ್‌ಟಿಒದಿಂದ ಫಾರಂ 28ರಲ್ಲಿ ಎನ್‌ಒಸಿ, ಸಾಲ ಇದ್ದರೆ ಫಾರಂ 35 ಮತ್ತು ಬ್ಯಾಂಕಿನ ಪತ್ರ, ವರ್ಗಾವಣೆಗೆ ಫಾರಂ 29, 30. ಆಮೇಲೆ ಇಲ್ಲಿ ಗಾಡಿಯ ವಯಸ್ಸಿನ ಮೇಲೆ ಆಜೀವ ತೆರಿಗೆ ಮತ್ತೊಮ್ಮೆ ಕಟ್ಟಿ ಕೆಎ-32 ನಂಬರ್ (ಯಾದಗಿರಿಗೆ 33, ಬೀದರ್‌ಗೆ 38) ಪಡೆಯಬೇಕು. ಬೇರೆ ರಾಜ್ಯದಲ್ಲಿ 12 ತಿಂಗಳಿಗಿಂತ ಹೆಚ್ಚು ಇಟ್ಟರೆ ಮರುನೋಂದಣಿ ಕಡ್ಡಾಯ. ಮೊದಲ ಮಾಲೀಕ ಅಲ್ಲಿ ಕಟ್ಟಿದ ತೆರಿಗೆ ವಾಪಸ್ ತರಿಸುವ ಓಡಾಟ ಬೇರೆ. ಸರ್ವಿಸ್ ಇತಿಹಾಸ ಪಕ್ಕಾ ಇರುವ ಗಾಡಿ, ತೆರಿಗೆ ಸೇರಿಸಿಯೂ ಬೆಲೆ ಕಡಿಮೆ ಬಿದ್ದರೆ ಮಾತ್ರ ತನ್ನಿ. ಅಡ್ವಾನ್ಸ್ ಕೊಡುವ ಮೊದಲು ಎಂಪರಿವಾಹನ್ ಆ್ಯಪ್‌ನಲ್ಲಿ ನಂಬರ್ ಹಾಕಿ ಸಾಲ, ಇನ್ಶೂರೆನ್ಸ್, ಚಲನ್ ಬಾಕಿ ನೋಡಿ.

ಬೆಲೆ ಮಾತಾಡುವಾಗ ಇದೊಂದು ನೆನಪಿರಲಿ: 2025ರ ಸೆಪ್ಟೆಂಬರ್ 22ರಿಂದ ಸಣ್ಣ ಪೆಟ್ರೋಲ್ ಕಾರುಗಳ ಜಿಎಸ್‌ಟಿ 28ರಿಂದ 18ಕ್ಕೆ ಇಳಿದಿದೆ. ಹೊಸದರ ಬೆಲೆಯೇ ಇಳಿದ ಮೇಲೆ ಹಳೇ ಬೆಲೆಯ ಲೆಕ್ಕದಲ್ಲಿ ಸೆಕೆಂಡ್ ಹ್ಯಾಂಡ್ ಕೊಳ್ಳಬೇಡಿ.

ಪಾಲಿಸಿ_ಓದಿ_ಸಹಿ:
ಇನ್ಶೂರೆನ್ಸ್ ಬಗ್ಗೆ ಚುಟುಕಾಗಿ. ಕೊಂಡ 14 ದಿನದೊಳಗೆ ಪಾಲಿಸಿ ನಿಮ್ಮ ಹೆಸರಿಗೆ ಮಾಡಿಸಿ. ಥರ್ಡ್ ಪಾರ್ಟಿ ಭಾಗ ತಾನಾಗಿ ದಾಟುತ್ತದೆ, ಸ್ವಂತ ಗಾಡಿಯ ಹಾನಿಯ ಭಾಗ ದಾಟುವುದಿಲ್ಲ. ಮಾರಿದವನ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದ ವರ್ಷಗಳಿಗೆ ಸಿಗುವ ರಿಯಾಯಿತಿ) ಅವನದು, ಗಾಡಿಯದಲ್ಲ. ಐದು ವರ್ಷದೊಳಗಿನ ಗಾಡಿಗೆ ಝೀರೊ ಡೆಪ್ (ಬಿಡಿಭಾಗದ ಸವಕಳಿ ಕಡಿತ ಮಾಡದ ಕವರ್) ಹಾಕಿಸಿ. ಹೊಸ ಡ್ರೈವರ್ ಒಡೆಯುವುದೇ ಬಂಪರ್, ಮಿರರ್, ಲ್ಯಾಂಪ್. ಅದಿಲ್ಲದೆ ಪ್ಲಾಸ್ಟಿಕ್ ಭಾಗಕ್ಕೆ ಅರ್ಧ ದುಡ್ಡು ನಿಮ್ಮ ಜೇಬಿನದು. ಎಲ್‌ಎಲ್ ಇರುವ ಹುಡುಗ ಒಬ್ಬನೇ ಓಡಿಸುವಾಗ ಡಿಕ್ಕಿಯಾದರೆ ಕ್ಲೇಮ್ ನಿಲ್ಲುವುದಿಲ್ಲ.

ಎರಡ್_ಏರ್‌ಬ್ಯಾಗ್:
ಹುಡುಗನನ್ನು ಗಾಡಿಯಲ್ಲಿ ಕೂರಿಸಿ ನೋಡದೆ ಕೊಳ್ಳಬೇಡಿ. ಬೆನ್ನು ಸೀಟಿಗೆ ಆನಿಸಿ ಕ್ಲಚ್ ಪೂರ್ತಿ ಒತ್ತಿದಾಗ ಮೊಣಕಾಲು ಸ್ವಲ್ಪ ಬಾಗಿರಬೇಕು. ಕೈ ಚಾಚಿದರೆ ಮಣಿಕಟ್ಟು ಸ್ಟೀರಿಂಗ್ ಮೇಲಂಚಿಗೆ ತಾಗಬೇಕು. ಎದೆಗೂ ಸ್ಟೀರಿಂಗ್ ನಡುವಿಗೂ 25 ಸೆಂ.ಮೀ. ಅಂತರ ಇರಲಿ, ಏರ್‌ಬ್ಯಾಗ್ ಉಬ್ಬಲು ಜಾಗ ಬೇಕು, ಹತ್ತಿರ ಕೂತವರಿಗೆ ಅದೇ ಪೆಟ್ಟು ಕೊಡುತ್ತದೆ. ಹೆಡ್‌ರೆಸ್ಟ್ ತುದಿ ತಲೆಯ ತುದಿಯ ಸಮಕ್ಕೆ ಬರಲಿ. ಎತ್ತರ ಕಡಿಮೆ ಇದ್ದರೆ ಸೀಟ್ ಹೈಟ್ ಅಡ್ಜಸ್ಟರ್ ಇರುವ ವೇರಿಯಂಟ್ ಬೇಕೇ ಬೇಕು, ದಿಂಬು ಹಾಕಿಕೊಂಡು ಓಡಿಸುವುದಲ್ಲ.

ಸೀಟಿನಲ್ಲಿ ಸೈಡ್ ಏರ್‌ಬ್ಯಾಗ್ ಇದ್ದರೆ ಬಜಾರಿನ ಬಿಗಿ ಸೀಟ್ ಕವರ್ ಹಾಕಿಸಬೇಡಿ, ಏರ್‌ಬ್ಯಾಗ್ ಬಿಚ್ಚಿಕೊಳ್ಳುವ ಹೊಲಿಗೆ ಅದರಡಿ ಮುಚ್ಚಿಹೋಗುತ್ತದೆ. ಮುಂದಿನ ಸ್ಟೀಲ್ ಗಾರ್ಡ್ ಕೂಡ ಬೇಡ, ಡಿಕ್ಕಿಯ ಪೆಟ್ಟು ಕುಸಿಯುವ ಭಾಗಕ್ಕೆ ಹೋಗದೆ ನೇರ ಚಾಸಿಗೆ ಬಡಿಯುತ್ತದೆ.

ಆಳಂದ_ದಾರಿ:
ಅಜ್ಜಿ ಊರಿನ ರಸ್ತಾದ ಬಗ್ಗೆ ಹೇಳ್ತೀನಿ. ಚಳಿಗಾಲ ಬಂತಂದ್ರ ಕಬ್ಬಿನ ಟ್ರ್ಯಾಕ್ಟರ್, ಎರಡೆರಡು ಟ್ರೇಲರ್, ಹಿಂದ ದೀಪ ಇಲ್ಲ, ರಿಫ್ಲೆಕ್ಟರ್ ಮ್ಯಾಲೆ ಕಬ್ಬಿನ ಸೋಗಿ ಜೋತಿರ್ತದ.

ಲೆಕ್ಕ ನೋಡ್ರಿ. 60ರಾಗ ಹೊಂಟ ಗಾಡಿ ಸೆಕೆಂಡಿಗೆ 16.7 ಮೀಟರ್ ಓಡ್ತದ. ಕಣ್ಣು ನೋಡಿ ಕಾಲು ಬ್ರೇಕಿಗೆ ಬರೋದ್ರಾಗ ಒಂದೂವರೆ ಸೆಕೆಂಡ್, ಅಂದ್ರ 25 ಮೀಟರ್ ಹೋತು. ಒಣ ಡಾಂಬರ್ ಮ್ಯಾಲೆ ನಿಲ್ಲಲಾಕ ಇನ್ನೊಂದು 20. ಒಟ್ಟು 45. ಅದೇ 80 ಇದ್ರ 33 ಮತ್ತು 36, ಸುಮಾರು 70 ಮೀಟರ್. ಲೋ ಬೀಮ್‌ನಾಗ ದೀಪ ಇಲ್ಲದ ಟ್ರೇಲರ್ ಕಾಣೋದು 40-50 ಮೀಟರ್ ದೂರದಾಗ. ಎದುರಿನಾಂವ ಹೈ ಬೀಮ್ ಹಾಕಿದ್ರ ಅದೂ ಇಲ್ಲ. 80ರಾಗ ಹೊಂಟ ಹುಡುಗ ಟ್ರೇಲರ್ ಕಾಣೋ ಹೊತ್ತಿಗೆ ಡಿಕ್ಕಿ ತಪ್ಪಿಸೋ ಜಾಗ ದಾಟಿರ್ತಾನ, ಅವನು ಎಷ್ಟೇ ಚಾಲಾಕಿ ಇರ್ಲಿ.

ಅದಕ್ಕ ಮೊದಲ ಆರು ತಿಂಗಳು ಕತ್ತಲಾದಮ್ಯಾಲೆ ಊರ ಹೊರಗ ಇಲ್ಲ, ಗಾಡ್ಯಾಗ ಒಬ್ಬನಿಗಿಂತ ಹೆಚ್ಚು ಗೆಳೆಯರಿಲ್ಲ, ಮೊಬೈಲ್ ಗ್ಲೋವ್ ಬಾಕ್ಸಿನಾಗ. ಎಬಿಎಸ್ ಬ್ರೇಕನ್ನೂ ಕಲಿಸ್ರಿ. ಖಾಲಿ ಜಾಗದಾಗ 40ಕ್ಕ ಹೋಗಿ ಪೆಡಲ್ ಜಾಡಿಸಿ ಒತ್ತಿಸ್ರಿ. ಕಾಲಿನ ಕೆಳಗ ಗಡಗಡ ಅಂತದ, ಹೊಸಬರು ಏನೋ ಮುರೀತು ಅಂತ ಅಂಜಿ ಕಾಲು ಎತ್ತಿಬಿಡ್ತಾರ. ಎತ್ತಬಾರದು, ಒತ್ತಿಕೊಂಡೇ ಸ್ಟೀರಿಂಗ್ ತಿರುಗಿಸಬೇಕು. ಹತ್ತು ಸಲ ಮಾಡಿದ್ರ ರೂಢಿ ಆಗ್ತದ.

ರಿಂಗ್_ರೋಡ್_ಮನಿ:
ಭಾಳ ಉಪಕಾರ ಆಯ್ತ್ರಿ. ಎಸ್‌ಯುವಿ ವಿಚಾರ ಬಿಟ್ಟೆ. 2022ರ ಟಿಯಾಗೊ ಒಂದು, 2021ರ ಆಲ್ಟ್ರೋಜ್ ಒಂದು, ಎರಡೂ ಕೆಎ-32, ಮೊದಲ ಮಾಲೀಕರವು. ಭಾನುವಾರ ನೋಡಲಾಕ ಹೊಂಟೀವಿ. ಆಲ್ಟ್ರೋಜ್ ಮಾರೋರು ಫೋಟೋ ಕಳಿಸ್ಯಾರ, ಡ್ರೈವರ್ ಬೆಲ್ಟಿನ ಬಕಲ್‌ನಾಗ ಒಂದು ಸಣ್ಣ ಲೋಹದ ಕ್ಲಿಪ್ ಸಿಗಿಸ್ಯಾರ. ಅದೇನ್ರಿ?

ಸ್ಪ್ಯಾನರ್_10:
ಬೀಪ್ ಬಂದ್ ಮಾಡೋ ಕ್ಲಿಪ್. ಆ ಗಾಡಿ ಬೆಲ್ಟ್ ಇಲ್ಲದೇ ಓಡ್ಯದ ಅಂತ ಅರ್ಥ. ಬೆಲ್ಟ್ ಹಾಕದೇ ಕೂತೋನು ಡಿಕ್ಕಿಯಾದಾಗ ಉಬ್ಬಿ ಬರೋ ಏರ್‌ಬ್ಯಾಗಿಗೆ ಎದುರು ಹೋಗಿ ಬೀಳ್ತಾನ, ಕಾಯಬೇಕಾದ್ದೇ ಕುತ್ತಿಗಿಗೆ ಪೆಟ್ಟು ಕೊಡ್ತದ. ಭಾನುವಾರ ಕ್ಲಿಪ್ ಕಿತ್ತು, ಬೆಲ್ಟ್ ಹಾಕಿ ಬಕಲ್ ಖಟ್ ಅಂತ ಕೂಡ್ತದೋ ಬಿಚ್ಕೊಳ್ತದೋ ನಾಲ್ಕು ಸಲ ನೋಡ್ರಿ. ಕ್ಲಿಪ್ ಕೂತು ಕೂತು ಒಳಗಿನ ಸ್ಪ್ರಿಂಗ್ ಸಡಿಲಾಗಿರ್ತದ. ಸಡಿಲಿದ್ರ ಬಕಲ್ ಹೊಸದು ಹಾಕಿಸೋ ಖರ್ಚು ಬೆಲೆಯಾಗ ಮುರಕೊಳ್ರಿ. ಟಿಯಾಗೊ ಮೊದಲು ನೋಡ್ರಿ.